ಗೋಣಿಚೀಲ ಹೊದ್ದ ಕಂಪ್ಯೂಟರ್

ಕೊರೊನಾ ಸರಿದ ಮರುವರ್ಷದ ಮಾತು. ಆಗ ನಾನು ರಾಯಚೂರಿನ ಒಂದು ಕಂಪ್ಯೂಟರ್ ದುರಸ್ತಿ ಸಂಸ್ಥೆಯಲ್ಲಿ ಸೀನಿಯರ್ ಸರ್ವೀಸ್ ಇಂಜಿನಿಯರ್. ಮಾನ್ವಿ, ದೇವದುರ್ಗ ಎರಡೂ ತಾಲೂಕು ನನ್ನ ಪಾಲಿಗಿದ್ದವು. ಹುದ್ದೆಯ ಹೆಸರೇನೋ ದೊಡ್ಡದು. ಕೆಲಸ ಮಾತ್ರ ಬಸ್ಸಿನಲ್ಲಿ ನಿಂತು ಹೋಗಿ ಪ್ರಿಂಟರಿನೊಳಗಿನ ಜಿರಳೆ ತೆಗೆಯುವುದು! ಆದರೂ ಇಷ್ಟಪಟ್ಟೇ ಮಾಡಿದೆ. ಈಗ ನಿವೃತ್ತನಾಗಿ ಕೂತಾಗ ಹೆಚ್ಚು ನೆನಪಾಗುವುದು ಮಾನ್ವಿ ದಾರಿಯ ಒಂದು ರೈಸ್ ಮಿಲ್ಲು.

ಬೇಸಿಗೆ ಭತ್ತದ ಸುಗ್ಗಿ ನಡೆದಿತ್ತು. ದೇವದುರ್ಗದಲ್ಲಿ ಕೆಲಸದ ಮೇಲಿದ್ದ ನನಗೆ ಮಿಲ್ಲಿನ ಮಾಲೀಕರಾದ ಶರಣಪ್ಪನವರು ಫೋನ್ ಮಾಡಿದರು. "ಸಾಹೇಬ್ರ, ವೇಬ್ರಿಡ್ಜ್ ಕಂಪ್ಯೂಟರ್ ನೋಡಬೇಕ್ರಿ. ತಪ್ಪು ಮಷೀನಿಂದೋ ಮನುಷ್ಯಾರದೋ, ಇವತ್ತ ತಿಳೀಬೇಕು."

ವೇಬ್ರಿಡ್ಜ್ ಎಂದರೆ ಲಾರಿ, ಟ್ರ್ಯಾಕ್ಟರುಗಳನ್ನು ಸರಕಿನ ಸಮೇತ ತೂಗುವ ನೆಲದ ತಕ್ಕಡಿ. ತೂಕ ಮೊದಲು ಹೊರಗಿನ ಕೆಂಪು ಅಂಕಿಗಳಲ್ಲಿ ಕಾಣುತ್ತದೆ. ಅಲ್ಲಿಂದ ಕೇಬಲ್ ಮೂಲಕ ಕಂಪ್ಯೂಟರಿಗೆ ಹೋಗಿ ಚೀಟಿಯಲ್ಲಿ ಅಚ್ಚಾಗುತ್ತದೆ. ಆ ಕಂಪ್ಯೂಟರಿನ ಮುಂದೆ ಕೂರುತ್ತಿದ್ದವಳು ನಾಗರತ್ನ, ಸಿರವಾರದಿಂದ ದಿನಾ ಬಸ್ಸಿಗೆ ಬರುವ ಹೆಣ್ಣುಮಗಳು. ಕೆಲವು ದಿನಗಳಿಂದ ಆಗೊಮ್ಮೆ ಈಗೊಮ್ಮೆ ಹೊರಗೆ ಏಳು ಇದ್ದ ಕಡೆ ಚೀಟಿಯಲ್ಲಿ ಮೂರು ಬರುತ್ತಿತ್ತು. ತೂಕ ಕಡಿಮೆಯಾಗುತ್ತಿತ್ತೇ ಹೊರತು ಒಮ್ಮೆಯೂ ಹೆಚ್ಚಾಗಿರಲಿಲ್ಲ. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಬಂದಿದ್ದರೆ ಜನ ಯಂತ್ರವನ್ನು ಬೈಯುತ್ತಿದ್ದರು. ಬರೀ ಕಡಿಮೆ ಬಂದರೆ ರೈತರು ಸುಮ್ಮನಿರುತ್ತಾರೆಯೇ? ಆ ಹುಡುಗಿಯೇ ಕೈಯಾಡಿಸುತ್ತಿದ್ದಾಳೆ ಎಂದು ಗೇಟಿನಲ್ಲಿ ಗಲಾಟೆ ಎದ್ದಿತ್ತು.

ನಾನು ಹೋದಾಗ ಕೋಣೆ ಕನ್ನಡಿಯಂತಿತ್ತು. ಮೇಜು ಒರೆಸಿತ್ತು, ಕಂಪ್ಯೂಟರಿನ ಡಬ್ಬಿ ಹೊಳೆಯುತ್ತಿತ್ತು, ಕೂಲರನ್ನು ನನ್ನ ಕುರ್ಚಿಯ ಕಡೆ ತಿರುಗಿಸಿದ್ದರು. ಇಂಜಿನಿಯರ್ ಬರುತ್ತಾನೆಂದು ಅಷ್ಟು ಮರ್ಯಾದೆ. ನಾನೂ ಬೀಗಿದೆ ಅನ್ನಿ.

"ಮಷೀನು ಸರಿ ಇತ್ತಂದ್ರ ಈಕಿ ನಾಳಿಂದ ಬರೋದು ಬ್ಯಾಡ," ಎಂದು ಶರಣಪ್ಪನವರು ಅವಳೆದುರಿಗೇ ಹೇಳಿದರು. ಕೆಟ್ಟವರಲ್ಲ, ಮಿಲ್ಲಿನ ಹೆಸರಿಗೆ ಹೆದರಿದ್ದರು.

ನಾಗರತ್ನ ತಲೆ ತಗ್ಗಿಸಲಿಲ್ಲ. "ನಾ ಒಂದು ಅಂಕಿನೂ ಮುಟ್ಟಿಲ್ರೀ ಸರ್. ಚಂದಾಗಿ ನೋಡ್ರಿ," ಎಂದಳು.

ಕೇಬಲ್, ಪ್ರಿಂಟರ್ ಎರಡೂ ಸರಿ ಇದ್ದವು. ಅನುಮಾನ ಮೆಮೊರಿಯ ಮೇಲೆ, ಅಂದರೆ ಕಂಪ್ಯೂಟರ್ ಕೆಲಸ ಮಾಡುವಾಗ ಅಂಕಿಗಳನ್ನು ಹಿಡಿದಿಟ್ಟುಕೊಳ್ಳುವ ರ್‍ಯಾಮ್ ಮೇಲೆ ಬಂತು. ಯಂತ್ರ ನಿಲ್ಲಿಸಿ ಪೆನ್‌ಡ್ರೈವ್‌ನಿಂದ ಪರೀಕ್ಷಿಸುವುದು ಪಕ್ಕಾ ವಿಧಾನ. ಆದರೆ ಹೊರಗೆ ಟ್ರ್ಯಾಕ್ಟರುಗಳ ಸಾಲು ರಸ್ತೆ ಮುಟ್ಟಿತ್ತು. ನಿಲ್ಲಿಸುತ್ತೇನೆಂದರೆ ನನ್ನನ್ನೇ ತೂಗಿಬಿಡುತ್ತಿದ್ದರು! ಹಾಗಾಗಿ ಆಪರೇಟಿಂಗ್ ಸಿಸ್ಟಂ ನಡೆಯುತ್ತಿರುವಾಗಲೇ ಅದರೊಳಗಿಂದ ಟೆಸ್ಟ್ ಪ್ರೋಗ್ರಾಂ ಓಡಿಸಿದೆ. ಅದು ಖಾಲಿ ಇರುವ ಮೆಮೊರಿಯನ್ನು ಕೇಳಿ ಪಡೆದು, ಒಂದು, ಸೊನ್ನೆಗಳನ್ನು ಬರೆದು, ಬರೆದದ್ದೇ ವಾಪಸ್ ಬರುತ್ತದೆಯೇ ಎಂದು ಓದಿ ನೋಡುತ್ತದೆ. ಸಿಸ್ಟಂ ತಾನೇ ಕೂತಿರುವ ಜಾಗವನ್ನು ಮಾತ್ರ ಮುಟ್ಟಲಾಗದು. ಜನ ಕೂತಿರುವಾಗಲೇ ಮನೆ ಗುಡಿಸಿದ ಹಾಗೆ, ಅವರ ಕೆಳಗಿನದು ಉಳಿಯುತ್ತದೆ.

ಟೆಸ್ಟ್ ಮುಗಿಯಿತು. ಒಂದೂ ತಪ್ಪಿಲ್ಲ.

"ಮತ್ತ ತಿಳೀತಲ್ರೀ," ಎಂದರು ಶರಣಪ್ಪನವರು. ನನ್ನ ಒಂದು 'ಓಕೆ'ಯಿಂದ ಆ ಹುಡುಗಿಯ ಅನ್ನವೂ ಹೋಗುತ್ತಿತ್ತು, ಮಾನವೂ ಹೋಗುತ್ತಿತ್ತು. ಆದರೆ ತೋರಿಸುವುದಕ್ಕೆ ನನ್ನ ಕೈಯಲ್ಲಿ ಏನಿತ್ತು? ಬ್ಯಾಗು ಹೆಗಲಿಗೇರಿಸಿ ಬಾಗಿಲ ಹತ್ತಿರ ಬಂದು ಸುಮ್ಮನೆ ಹಿಂದೆ ನೋಡಿದೆ. ನಾಗರತ್ನ ಮೂಲೆಯಿಂದ ಒಂದು ಗೋಣಿಚೀಲ ತಂದು ಕಂಪ್ಯೂಟರಿನ ಡಬ್ಬಿಗೆ ಮೇಲಿಂದ ಕೆಳಗಿನವರೆಗೆ ಹೊದಿಸುತ್ತಿದ್ದಳು.

"ಏನವ್ವಾ ಅದು?"

"ತೌಡು ಹೊಕ್ಕತದಲ್ರೀ ಸರ್. ದಿನಾ ಹೊಚ್ಚೇ ಇಡ್ತೀವಿ. ನೀವು ಬರ್ತೀರಂತ ತೆಗ್ದಿದ್ವಿ."

ಅಯ್ಯೋ ನನ್ನ ಕರ್ಮವೇ! ಮೇ ತಿಂಗಳ ಮಾನ್ವಿಯ ಬಿಸಿಲಿನಲ್ಲಿ ಗೋಣಿ ಹೊದ್ದು ದುಡಿಯುವ ಕಂಪ್ಯೂಟರನ್ನು ನಾನು ಕೂಲರಿನ ಗಾಳಿಯಲ್ಲಿ ಪರೀಕ್ಷಿಸಿದ್ದೆ. ಬ್ಯಾಗು ಇಳಿಸಿದೆ. "ಶರಣಪ್ಪನವ್ರ, ನಾ ಇಲ್ಲೇ ಇಲ್ಲಂತ ತಿಳ್ಕೊಂಡು ದಿನದ ಹಂಗ ಕೆಲಸ ನಡಸ್ರಿ," ಎಂದೆ.

ಕೂಲರ್ ಮೊದಲಿನ ದಿಕ್ಕಿಗೆ ತಿರುಗಿತು, ಡಬ್ಬಿಯ ಮೇಲೆ ಚೀಲ ಬಿತ್ತು. ನಾಗರತ್ನ ಟ್ರ್ಯಾಕ್ಟರು ತೂಗುತ್ತಾ ಹೋದಳು, ಹಿಂದೆ ಟೆಸ್ಟ್ ಓಡುತ್ತಿತ್ತು. ನಾನು ಬೆವರುತ್ತಾ ಅವರು ಕೊಟ್ಟ ರೊಟ್ಟಿ, ಪುಂಡಿಪಲ್ಲೆ ತಿಂದೆ. ಕೈ ತೊಳೆದು ಬರುವಷ್ಟರಲ್ಲಿ ಪರದೆಯ ತುಂಬಾ ತಪ್ಪುಗಳು. ಎಲ್ಲವೂ ಒಂದೇ ಜಾತಿಯವು: ಒಂದು ಬರೆದಲ್ಲಿ ಸೊನ್ನೆ ವಾಪಸ್ ಬರುತ್ತಿತ್ತು. ಅಂಕಿಗಳನ್ನು ಕಂಪ್ಯೂಟರ್ ಇಡುವ ರೀತಿಯಲ್ಲಿ ಏಳಕ್ಕೂ ಮೂರಕ್ಕೂ ಒಂದೇ ಒಂದು ಬಿಟ್, ಅಂದರೆ ಒಂದೋ ಸೊನ್ನೆಯೋ ಕೂರುವ ಒಂದು ಮನೆಯಷ್ಟೇ ವ್ಯತ್ಯಾಸ. ಆ ಬಿಟ್ ಕಾವಿಗೆ ಸೊನ್ನೆಯಾದರೆ ಏಳು ಮೂರಾಗುತ್ತದೆ. ಮೂರು ಎಂದೂ ಏಳಾಗದು. ತೂಕ ಬರೀ ಕಡಿಮೆಯಾಗುತ್ತಿದ್ದದ್ದು ಅದಕ್ಕೇ.

ಟ್ರ್ಯಾಕ್ಟರಿನವರನ್ನು ಒಪ್ಪಿಸಿ ಸ್ವಲ್ಪ ಹೊತ್ತು ಯಂತ್ರ ನಿಲ್ಲಿಸಿದೆ. ಎರಡು ರ್‍ಯಾಮ್ ಪಟ್ಟಿಗಳಲ್ಲಿ ಒಂದನ್ನು ಕಿತ್ತು, ಬೇಕಂತಲೇ ಚೀಲ ಹೊದಿಸಿ ಮತ್ತೆ ಟೆಸ್ಟ್ ಹಚ್ಚಿದೆ. ಈ ಸಲ ಕಾವಿನಲ್ಲೂ ತಪ್ಪಿಲ್ಲ. ಕೆಟ್ಟಿದ್ದು ಕಿತ್ತ ಪಟ್ಟಿಯೇ. ಆಮೇಲೆ ಚೀಲವನ್ನು ನಾನೇ ಹೊರಗೆ ಬಿಸಾಡಿದೆ.

ಶರಣಪ್ಪನವರು ನಾಗರತ್ನಳ ಕಡೆ ತಿರುಗಿದರು. "ಯವ್ವಾ, ಚೀಲ ಹೊಚ್ಚು ಅಂದಾವ ನಾನು. ಮಂದಿ ಮಾತು ಕೇಳಿದಾಕಿ ನೀನು," ಎಂದರು.

"ಇದನ್ನ ಹೊರಗ ಗೇಟಿನ್ಯಾಗ ಹೇಳ್ರಿ," ಎಂದಳು ನಾಗರತ್ನ.

ಅವರು ಹೋದರು. ಟ್ರ್ಯಾಕ್ಟರಿನವರೆಲ್ಲರ ಮುಂದೆ ನಿಂತು ತಮ್ಮ ದೊಡ್ಡ ದನಿಯಲ್ಲೇ ಹೇಳಿದರು. ಒಳಗೆ ನಾಗರತ್ನ ಕಣ್ಣೊರೆಸಿಕೊಂಡು ಮುಂದಿನ ಗಾಡಿಯನ್ನು ಕರೆದಳು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಟೆಸ್ಟ್ ಪಾಸಾಯಿತೆಂದರೆ, ಆ ಹೊತ್ತಿಗೆ, ನೋಡಿದಷ್ಟು ಜಾಗದಲ್ಲಿ ತಪ್ಪು ಕಾಣಲಿಲ್ಲ ಎಂದಷ್ಟೇ ಅರ್ಥ. ಯಂತ್ರವನ್ನು ಅದು ಬಾಳುವ ಹಾಗೇ ಬಿಟ್ಟು ನೋಡಬೇಕೆಂದು ಈ ಕೆಲಸ ನನಗೆ ಕಲಿಸಿತು. ಅಂದಿನಿಂದ ಎಲ್ಲಿಗೇ ಹೊರಟರೂ ಮೊದಲೇ ಫೋನಿನಲ್ಲಿ ಹೇಳುತ್ತಿದ್ದೆ: "ನಾ ಬರ್ತೀನಂತ ಏನೂ ಸ್ವಚ್ಛ ಮಾಡಬ್ಯಾಡ್ರಿ."

ಮುಂದಿನ ಸುಗ್ಗಿಯಲ್ಲಿ ಅದೇ ಮಿಲ್ಲಿಗೆ ಹೋದೆ. ಅದೇ ಕುರ್ಚಿಯಲ್ಲಿ ನಾಗರತ್ನ ಕೂತಿದ್ದಳು. ಕೋಣೆಯ ತುಂಬಾ ತೌಡು.

"ನೀವು ಹೇಳ್ದಂಗ ಏನೂ ಒರಸಿಲ್ರೀ ಸರ್," ಎಂದು ನಕ್ಕಳು. "ನಿಮ್ಮ ಕುರ್ಚಿನೂ."

ಹೊಸ ಪ್ಯಾಂಟು ಹಾಕಿಕೊಂಡು ಹೋಗಿದ್ದೆ. ಆದರೂ ಖುಷಿಯಿಂದ ಕೂತೆ.