ಗೂಮಾನ ಕಣ್ಣು, ಅಖಮೂಕನ ಬಾಯಿ

ಮರುಭೂಮಿಯ ತುವಾರೆಗ್ ಜನರಲ್ಲಿ ಸೋದರತ್ತೆಯ ಮಕ್ಕಳು, ಸೋದರಮಾವನ ಮಕ್ಕಳು ಒಬ್ಬರನ್ನೊಬ್ಬರು ಗೇಲಿ ಮಾಡಲೇಬೇಕು, ಸಿಟ್ಟಾದವನು ಸೋತಂತೆ. ಗೂಮಾ ತಾಸಿಲಿ ಬೆಟ್ಟದ ಮೇಲಿನ ಪುರಾತನ ಬಂಡೆಚಿತ್ರಗಳನ್ನು ಪ್ರವಾಸಿಗರಿಗೆ ತೋರಿಸುವ ಗೈಡು. ಅವನ ಸೋದರತ್ತೆಯ ಮಗ ಅಖಮೂಕ್ ಬಿಡಾರದ ಅಡುಗೆಯವನು. ಕತ್ತೆಗಳ ಮೇಲೆ ನೀರು, ಹಿಟ್ಟು ಹೇರಿಕೊಂಡು ಆ ಬೆಟ್ಟ ಹತ್ತಿ ಇಳಿದೇ ಇಬ್ಬರಿಗೂ ವಯಸ್ಸಾಗಿತ್ತು. ಗೂಮಾನ ಮೂಗಿನಿಂದ ಹಿಡಿದು ಅವನ ಕತ್ತೆಯ ವಂಶದವರೆಗೆ ಅಖಮೂಕ್ ಯಾವುದನ್ನೂ ಬಿಟ್ಟವನಲ್ಲ.

ಈ ಚಳಿಗಾಲಕ್ಕೆ ಗೂಮಾನ ಕಣ್ಣು ಮಂಜಾಗಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಕೆಲಸ ಹೋಗಿ, ಬೆಟ್ಟದ ಕೆಳಗಿನ ಜಾನೆತ್ ಪೇಟೆಯಲ್ಲಿ ಗೋಡೆಗೊರಗಿ ಕೂರಬೇಕು, ಬಂದುಹೋಗುವವರೆಲ್ಲ ಅಯ್ಯೋ ಪಾಪ ಅನ್ನುತ್ತಾರೆ. ಹಾದಿ ಕಾಲಿಗೆ ಗೊತ್ತಿತ್ತು, ಚಿತ್ರಗಳು ಬಾಯಿಪಾಠವಾಗಿದ್ದವು. ಹೇಗೋ ನಡೆಯುತ್ತಿತ್ತು.

ಬೆಟ್ಟದ ಮೇಲೆ, ಚಿತ್ರಗಳಿರುವ ಸೆಫಾರ್‌ನಲ್ಲಿ ಎಡವಟ್ಟಾಯಿತು. ಅಲ್ಜೀರ್ಸ್‌ನಿಂದ ಬಂದಿದ್ದ ಗಂಡಹೆಂಡಿರನ್ನು ಬಂಡೆಯೊಂದರ ಮುಂದೆ ನಿಲ್ಲಿಸಿ, ಕೊಂಬು ಬಾಗಿದ ದನಗಳನ್ನೂ ಕರುವಿನ ಹಿಂದೆ ಬರುವ ಹೆಂಗಸನ್ನೂ ಗೂಮಾ ರಸವತ್ತಾಗಿ ಬಣ್ಣಿಸಿದ. ಬಂಡೆ ಬೋಳಾಗಿತ್ತು, ದನಗಳಿದ್ದದ್ದು ಪಕ್ಕದ ಗುಹೆಯಲ್ಲಿ. ಬಣ್ಣ ತುಂಬಾ ಮಾಸಿದೆ ಅಲ್ಲವೇ ಎಂದು ಹೆಂಡತಿ ಸಂಕೋಚದಿಂದ ಕೇಳಿದಳು. ತಪ್ಪಿದ್ದು ಗೂಮಾನಿಗೆ ಆಗಲೇ ತಿಳಿಯಿತು. ಹಿಂದೆಯೇ ಅಖಮೂಕ್ ನಿಂತಿದ್ದ. ಈಗ ಗೇಲಿ ಶುರುವಾಗುತ್ತದೆ, ಇನ್ನೊಂದು ವರ್ಷ ಇದೇ ಮಾತು ಎಂದು ಗೂಮಾ ಕಾದ. ಅಖಮೂಕ್ ಮಾತ್ರ, ಚಿತ್ರ ಆ ಕಡೆ ಚೆನ್ನಾಗಿ ಕಾಣುತ್ತದೆ ಎಂದು ಮೆತ್ತಗೆ ಹೇಳಿ ಎಲ್ಲರನ್ನೂ ಪಕ್ಕಕ್ಕೆ ಕರೆದೊಯ್ದ.

ಸಂಜೆ ಅಖಮೂಕ್ ಬಿಸಿ ಮರಳಲ್ಲಿ ಬೆಂದ ರೊಟ್ಟಿಯನ್ನು ಮುರಿದು ಗೂಮಾನ ಕೈಗೇ ಇಟ್ಟ. ಚಹಾದ ಲೋಟವನ್ನೂ ಬೆರಳಿಗೆ ಹಿಡಿಸಿದ. ಒಂದೇ ಒಂದು ಕುಹಕವಿಲ್ಲ. ಗೂಮಾ ರೊಟ್ಟಿಯನ್ನು ಕೆಳಗಿಟ್ಟ. ಕಣ್ಣು ಹೋಗುವುದನ್ನಾದರೂ ತಡೆದುಕೊಂಡಾನು, ಈ ಉಪಚಾರವನ್ನು ತಡೆಯಲಾರ.

“ಯಾಕೋ, ನಾನೇನು ಸತ್ತೋದ್ನಾ? ಹೆಣದ ಮುಂದೆ ಕೂತಂಗೆ ಕೂತಿದೀಯ.”

ಅಖಮೂಕ್ ಕೆಂಡ ಕೆದಕಿದ. “ಎಷ್ಟು ಕಾಣುತ್ತೆ, ಭಾವ?”

“ನಿನ್ನ ಮುಸುಡಿ ಕಾಣಲ್ಲ. ಅದೊಂದೇ ನೆಮ್ಮದಿ.”

ಅಖಮೂಕ್ ನಗಲಿಲ್ಲ. ಇದೇ ಕೊನೆಯ ಸಲ, ಕೆಳಗಿಳಿದ ಮೇಲೆ ಕೆಲಸ ಬಿಡುತ್ತೇನೆ ಎಂದು ಗೂಮಾನೇ ಹೇಳಿದ. ಆಮೇಲೆ ದನಿ ತಗ್ಗಿಸಿ, “ನೀನು ಮಾತ್ರ ಅಯ್ಯೋ ಅನ್ನಬೇಡ ಕಣೋ” ಎಂದ.

ಬೆಳಿಗ್ಗೆ ಇಳಿಜಾರು ಶುರುವಾದಾಗ ಅಖಮೂಕ್ ಕತ್ತೆಗಳನ್ನು ಹಿಂದೆ ಬಿಟ್ಟು ಗೂಮಾನ ಮುಂದೆ ಬಂದ.

“ಎಡಗಡೆ ಕಲ್ಲಿದೆ, ನಿನ್ನ ತಲೆಯಷ್ಟೇ ಗಟ್ಟಿ. ಇಲ್ಲೊಂದು ಹಳ್ಳ, ಮದುವೆ ಅಂತ ನೀನು ಬಿದ್ಯಲ್ಲ, ಅಷ್ಟು ಆಳ ಇಲ್ಲ. ನಿಧಾನ ಭಾವ, ಬಿದ್ರೆ ಮೊದಲು ನಗೋನು ನಾನೇ.”

ಇಬ್ಬರಿಗೂ ಜಗಳವೇನೋ ಎಂದು ಆ ಗಂಡಹೆಂಡಿರು ಮುಖ ಮುಖ ನೋಡಿಕೊಂಡರು. ಗೂಮಾ ಒಂದಕ್ಕೆರಡು ಬೈಯುತ್ತ, ಆ ದನಿಯ ಹಿಂದೆಯೇ ಹೆಜ್ಜೆಯಿಡುತ್ತ, ಒಮ್ಮೆಯೂ ಎಡವದೆ ಬೆಟ್ಟ ಇಳಿದ.