ಅಪಾಳ ಮುಖಕ್ಕಷ್ಟೇ ತೆರೆಯುವ ಫೋನು

ಕಿರ್ಗಿಜ್ ನಾಡಿನ ಕೋಚ್ಕೋರ್ ಊರಿನಲ್ಲಿ ಯಾರ ಫೋನು ಕೆಟ್ಟರೂ ಮೊದಲು ನೆನಪಾಗುವವಳು ಸೈಕಾಲ್. ನರೀನ್ ಪಟ್ಟಣದ ವಿಶ್ವವಿದ್ಯಾಲಯದಲ್ಲಿ ಮೂರನೇ ವರ್ಷ; ಓದುವುದು ಭೂಗೋಳ, ಬರೆಯುವುದು ಫೋನುಗಳ ಬಗ್ಗೆ. ಅವಳ ಬ್ಲಾಗಿಗೆ ಹೊಸ ಫೋನು ಕಳಿಸಿಕೊಡುವ ಕಂಪನಿ ಈ ಭೂಮಿಯ ಮೇಲಿಲ್ಲ. ಸಂತೆಯ ಅಂಗಡಿಯವರಿಂದ ಹಳೇ ಫೋನು ಕಾಡಿ ಬೇಡಿ ತಂದು, ಒಂದು ವಾರ ಬಳಸಿ, ಇದ್ದದ್ದನ್ನು ಇದ್ದ ಹಾಗೆ ಬರೆದು ವಾಪಸು ಕೊಡುತ್ತಾಳೆ. ಬರೆಯುವುದೂ ರಷ್ಯನ್ನಿನಲ್ಲಲ್ಲ, ಮನೆಮಾತು ಕಿರ್ಗಿಜ್‌ನಲ್ಲಿ. ಎಷ್ಟು ಜನ ಓದುತ್ತಾರೆ ಎಂದು ಕೇಳಿ ಅವಳ ಹೊಟ್ಟೆ ಉರಿಸಬಾರದು.

‘ಮೆಗಾಪಿಕ್ಸೆಲ್ ಕಟ್ಟಿಕೊಂಡು ನಮಗೇನಾಗಬೇಕು? ಕೈಗವಸು ತೆಗೆಯದೆ ಕರೆ ಎತ್ತಬಹುದೇ, ಜನವರಿಯ ಚಳಿಯಲ್ಲಿ ಸೌದೆ ರಾಶಿಯ ಮೇಲೆ ಬಿಟ್ಟರೆ ಬ್ಯಾಟರಿ ಉಸಿರಾಡುತ್ತದೆಯೇ, ಅದನ್ನು ಹೇಳಿ’ ಎಂದು ಒಮ್ಮೆ ಬರೆದಿದ್ದಳು. ಸೌದೆ ರಾಶಿಯ ಪರೀಕ್ಷೆಯನ್ನು ನಿಜವಾಗಿಯೂ ಮಾಡುತ್ತಿದ್ದಳು. ಚಿಕ್ಕಪ್ಪ ತೈರ್‌ಬೆಕ್ ಒಲೆಗೆ ಸೌದೆ ತರಲು ಹೋದವನು ಫೋನು ಹಿಡಿದುಕೊಂಡು ಒಳಗೆ ಬಂದು, “ಇನ್ನೊಂದ್ಸಲ ಅಲ್ಲಿಟ್ರೆ ಇದನ್ನೂ ಒಲೆಗೆ ಹಾಕ್ತೀನಿ, ಆಮೇಲೆ ಬಿಸಿ ಎಷ್ಟು ತಡ್ಕೊಳ್ತು ಅಂತ ಬರ್ಕೋ” ಅನ್ನುತ್ತಿದ್ದ.

ಬರೆದದ್ದನ್ನು ಲೋಕಕ್ಕೆ ಬಿಡುವ ಮೊದಲು ಅವಳು ಅಜ್ಜಿ ಉಲ್ಕಾನ್‌ಗೆ ಓದಿ ಹೇಳಬೇಕಿತ್ತು. ಚೊಚ್ಚಲ ಮಗುವೆಂದು, ಅಲ್ಲಿನ ವಾಡಿಕೆಯಂತೆ, ಹುಟ್ಟಿದ ಕೂಡಲೇ ಅಜ್ಜಿಯ ಮಡಿಲಿಗೆ ಹೋದವಳು ಸೈಕಾಲ್. ಹೀಗಾಗಿ ಅಜ್ಜಿಯೇ ಅವಳಿಗೆ ಅಪಾ, ಅಂದರೆ ಅಮ್ಮ; ಹೆತ್ತವಳನ್ನು ಹೆಸರು ಹಿಡಿದೇ ಕರೆಯುತ್ತಿದ್ದಳು. ಅಪಾ ಬಾಗಿಲಿಗೆ ಎದುರಾದ ದೊಡ್ಡವರ ಜಾಗದಲ್ಲಿ, ಕಂಬಳಿಯ ಮೇಲೆ ಕೂತು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಅರ್ಥವಾಗದ ಕಡೆ ಕೈ ಎತ್ತುತ್ತಿದ್ದಳು. ಸೈಕಾಲ್ ಅಲ್ಲಿ ಬರೆದದ್ದನ್ನು ಹೊಡೆದು ಹಾಕಿ ಬೇರೆ ಬರೆಯುತ್ತಿದ್ದಳು.

ಅಪಾಳಿಗೊಂದು ಅಗ್ಗದ ಫೋನು ಕೊಡಿಸಿ ಸರಿ ಮಾಡಿಕೊಟ್ಟವಳೂ ಇವಳೇ. ಬೆರಳಚ್ಚಿನ ಬೀಗ ಕೆಲಸ ಮಾಡಲಿಲ್ಲ. ಆಯುಷ್ಯವಿಡೀ ಉಣ್ಣೆ ಉಜ್ಜಿ ಉಜ್ಜಿ ಮುದುಕಿಯ ಬೆರಳಲ್ಲಿ ಗೆರೆಯೇ ಉಳಿದಿರಲಿಲ್ಲ. ಹಾಗಾಗಿ ಮುಖ ನೋಡಿ ತೆರೆಯುವ ಬೀಗ ಹಾಕಿದಳು. ಜೊತೆಗೊಂದು ಗುಟ್ಟಿನ ಸಂಖ್ಯೆಯೂ ಬೇಕು ಅಂದಾಗ ಅಪಾ, “ನೀನು ಆ ಕಡೆ ತಿರುಗು. ಊರವರ ಫೋನೆಲ್ಲಾ ಬಿಚ್ಚೋಳು ನೀನು” ಎಂದು ತಾನೇ ಒತ್ತಿದ್ದಳು.

ಚಳಿಗಾಲ ಮುಗಿಯುವ ಮೊದಲೇ ಅಪಾ ತೀರಿಕೊಂಡಳು.

ಅಂಗಳದಲ್ಲಿ ಗುಡಾರ ಎದ್ದಿತು. ಒಳಗೆ ಹೆಣ ತೊಳೆಯಲು ಬಂದವಳು ಬೂಬುಶ್, ಅಪಾಳ ಜೀವದ ಗೆಳತಿ, ಸೈಕಾಲಳ ಬಾಯಲ್ಲಿ ‘ಎಜೆ’, ಹಿರಿಯಕ್ಕ. ಹೊರಗೆ ಹೆಂಗಸರು ಹಾಡಿ ಅಳುತ್ತಿದ್ದರೆ ಸೈಕಾಲಳಿಗೆ ಒಂದೇ ಯೋಚನೆ. ಅಪಾಳ ಫೋಟೋಗಳು ಮನೆ ತುಂಬಾ ಇವೆ, ದನಿ ಎಲ್ಲೂ ಇಲ್ಲ. ನೂರಾರು ಫೋನುಗಳ ಮೈಕು ಪರೀಕ್ಷಿಸಿದವಳು ಅಪಾಳ ದನಿಯನ್ನು ಒಮ್ಮೆಯೂ ಹಿಡಿದಿಟ್ಟಿರಲಿಲ್ಲ. ಆದರೆ ಅಪಾಳ ಫೋನಿನಲ್ಲಿ ದನಿ ಮುದ್ರಿಸುವ ಕೆಂಪು ಚುಕ್ಕಿ ಉರಿಯುತ್ತಿದ್ದುದನ್ನು ಎಷ್ಟೋ ಸಲ ಕಂಡಿದ್ದಳು. ಮುದುಕಿ ಏನೋ ಹೇಳಿಟ್ಟಿದ್ದಾಳೆ. ಅದು ಈ ಬೀಗದ ಹಿಂದಿದೆ.

ಗುಡಾರದ ಬಾಗಿಲ ಪರದೆಯ ಸಂದಿಯಿಂದ ಫೋನು ಒಳಗೆ ಚಾಚಿದಳು. “ಬೂಬುಶ್ ಎಜೆ, ಒಂದೇ ಒಂದ್ಸಲ ಅಪಾಳ ಮುಖದ ಮುಂದೆ ಹಿಡೀರಿ. ಕಣ್ಣು ಸ್ವಲ್ಪ ತೆರೆದಿರ್ಬೇಕು.”

ಒಳಗೆ ನೀರು ಸುರಿಯುವ ಸದ್ದು ನಿಂತಿತು.

“ನಾನೇ ಮುಚ್ಚಿದ ಕಣ್ಣು ಕಣೇ ಇದು,” ಬೂಬುಶ್ ಒಳಗಿನಿಂದಲೇ ಅಂದಳು. “ಮತ್ತೆ ತೆರೆದ್ರೆ ಅವಳು ನೋಡ್ತಾನೇ ಇರ್ತಾಳೆ. ಹೋಗಾಚೆ!”

ಸೈಕಾಲ್ ಕೈ ಹಿಂದಕ್ಕೆ ಎಳೆದುಕೊಂಡಳು. ಆದರೆ ಫೋನು ಅದಾಗಲೇ ಒಳಗೆ ಹೋಗಿ ಬಂದಾಗಿತ್ತು.

ಹೆಣ ತೊಳೆದವರಿಗೆ ಸತ್ತವರ ವಸ್ತು ಸಲ್ಲಬೇಕು. ಫೋನು ಬೂಬುಶಳಿಗೇ ಎಂದು ಅಪಾ ಬದುಕಿದ್ದಾಗಲೇ ಹೇಳಿದ್ದಳು. ನಲವತ್ತನೆಯ ದಿನದ ಊಟಕ್ಕೆ ಬಂದಾಗ ಒಯ್ಯುವುದೆಂದು ಮಾತಾಯಿತು. “ಒಳಗಿದ್ದದ್ದೆಲ್ಲ ಅಳಿಸಿ ಕೊಡು, ಮುಗೀತು. ಅದೇನು ದೊಡ್ಡ ವಿದ್ಯೆ?” ಎಂದ ಚಿಕ್ಕಪ್ಪ. ಅಳಿಸುವುದು ಸೈಕಾಲಳಿಗೆ ಎಡಗೈ ಕೆಲಸ. ತೆರೆಯುವುದೇ ಆಗಲಿಲ್ಲ. ಅಪಾಳ ಫೋಟೋ ದೊಡ್ಡದು ಮಾಡಿ ಹಿಡಿದಳು, ಫೋನು ಮೋಸ ಹೋಗಲಿಲ್ಲ. ಬ್ಯಾಟರಿ ಮುಗಿದು ಫೋನು ಆರಿದರೆ ಆಮೇಲೆ ಮುಖ ಕೇಳದು, ಸಂಖ್ಯೆಯನ್ನೇ ಕೇಳುತ್ತದೆ ಎಂದು ಅದನ್ನು ಅಪಾಳ ಕಂಬಳಿಯ ಮೇಲಿಟ್ಟು ಚಾರ್ಜರಿನಿಂದ ಕೀಳದೆ ಕಾದಳು. ಎಲ್ಲಕ್ಕಿಂತ ಅವಳನ್ನು ಹೆದರಿಸಿದ್ದು ಬೇರೆ. ಅಪಾ ತನ್ನ ಹೆಸರು ಹೇಗೆ ಕರೆಯುತ್ತಿದ್ದಳೆಂದು ನೆನೆಯಲು ಹೋದರೆ ಕಿವಿಯಲ್ಲಿ ಏನೂ ಕೇಳಿಸುತ್ತಿರಲಿಲ್ಲ.

ಗುರುವಾರ ಮುಸ್ಸಂಜೆ ಸತ್ತವರಿಗೆಂದು ಎಣ್ಣೆ ಕಾಯಿಸಿ ಬೋರ್ಸೋಕ್ ಕರಿಯುತ್ತಾರೆ. ಹಿಟ್ಟಿನ ತುಂಡುಗಳು ಉಬ್ಬಿ ವಾಸನೆ ಎದ್ದರೆ ಸಾಕು, ಅವರಿಗೆ ಅದೇ ಊಟ. ಸೈಕಾಲ್ ನರೀನಿನಿಂದ ಷೇರು ಟ್ಯಾಕ್ಸಿ ಹಿಡಿದು ಬಂದು ತಾನೇ ಕರಿದಳು. ಮೂರು ವಾರ ಕಳೆದ ಮೇಲೆ ಒಂದು ಗುರುವಾರ ಎಣ್ಣೆ ಹೊಗೆಯಾಡುತ್ತಿದ್ದಂತೆ ಕಂಬಳಿಯ ಮೇಲಿದ್ದ ಫೋನು ಬೆಳಗಿತು. ಚಾರ್ಜರಿನ ತಂತಿ ಅಲುಗಿರಬೇಕು ಅಂದುಕೊಂಡಳು.

ಮುಂದಿನ ಗುರುವಾರ ಕಣ್ಣಿಟ್ಟು ನೋಡಿದಳು. ಪರದೆ ಬೆಳಗಿತು, ಬೀಗದ ಚಿತ್ರ ಕಳಚಿತು, ಫೋನು ತೆರೆದುಕೊಂಡಿತು. ಎದುರಿಗೆ ಯಾರೂ ಇಲ್ಲ. ಅದು ಆರಲೂ ಇಲ್ಲ. ‘ನೋಡುವ ಕಣ್ಣಿರುವ ತನಕ ಆರದ ಪರದೆ’ ಎಂದು ಇದೇ ಫೋನಿನ ಗುಣವನ್ನು ಅವಳೇ ಬ್ಲಾಗಿನಲ್ಲಿ ಹೊಗಳಿದ್ದಳು. ಓಡಿಹೋಗಿ ಎತ್ತಿಕೊಂಡಳು. ಅವಳ ಮುಖ ಕಂಡದ್ದೇ ತಡ, ಪರದೆ ಕಪ್ಪಾಯಿತು. “ಅಪಾ, ನಾನು! ನಂಗ್ಯಾಕೆ ತೋರ್ಸಲ್ಲ?” ಎಂದು ಖಾಲಿ ಕಂಬಳಿಯ ಮೇಲೆ ರೇಗಿದಳು, ಆಮೇಲೆ ಅತ್ತಳು.

ಅದರ ಮರುವಾರ, ನಲವತ್ತಕ್ಕೆ ಮುಂಚಿನ ಕೊನೆಯ ಗುರುವಾರ, ಬೂಬುಶಳೇ ಹಿಟ್ಟು ನಾದಿಕೊಂಡು ಬಂದಳು. ಸೈಕಾಲ್ ಹೇಳಿದ್ದನ್ನೆಲ್ಲ ಕೇಳಿ ಬಾಣಲೆ ಇಟ್ಟಳು. ವಾಸನೆ ಎದ್ದಿತು. ಫೋನು ತೆರೆಯಿತು.

“ಎದುರಿಗೆ ಹೋಗ್ಬೇಡ ಕಣೇ,” ಬೂಬುಶ್ ಪಿಸುಗುಟ್ಟಿದಳು. “ಅವಳು ಕೂತಿರೋ ಕಡೆಗೆ ಅಡ್ಡ ಬರ್ಬೇಡ. ಪಕ್ಕದಿಂದ ಹೋಗು.”

ಸೈಕಾಲ್ ಗೋಡೆಗೆ ಬೆನ್ನು ಹಚ್ಚಿ ಸರಿದು, ಫೋನು ಎತ್ತದೆ ಬಗ್ಗಿ ನೋಡಿದಳು. ಮುದ್ರಿಸಿದ ದನಿಗಳು ಒಂದರ ಕೆಳಗೊಂದು ಸಾಲಾಗಿದ್ದವು. ಬೆರಳು ಚಾಚಿ ಒಂದನ್ನು ಮುಟ್ಟಿದಳು.

‘ಮೆಗಾಪಿಕ್ಸೆಲ್ ಕಟ್ಟಿಕೊಂಡು ನಮಗೇನಾಗಬೇಕು?’

ಅವಳದೇ ದನಿ. ಇನ್ನೊಂದನ್ನು ಮುಟ್ಟಿದಳು. ಅದೂ ಅವಳದೇ, ಇಯರ್‌ಫೋನುಗಳ ಬಗ್ಗೆ ಓದುತ್ತಿದ್ದಳು. ಮತ್ತೊಂದು, ಮಗದೊಂದು. ಎಲ್ಲದರಲ್ಲೂ ಸೈಕಾಲ್, ಸೈಕಾಲ್. ಅಪಾ ಒಂದು ಮಾತೂ ಆಡಿರಲಿಲ್ಲ. ಅವಳು ಕೇಳಿಸಿಕೊಳ್ಳುತ್ತಿದ್ದಳು ಅಷ್ಟೇ, ಮೊಮ್ಮಗಳು ನರೀನಿಗೆ ಹೋದ ಮೇಲೆ ಮತ್ತೆ ಕೇಳಲಿಕ್ಕೆಂದು ಹಿಡಿದಿಟ್ಟುಕೊಳ್ಳುತ್ತಿದ್ದಳು.

ಎಲ್ಲಕ್ಕಿಂತ ಮೇಲಿದ್ದದ್ದು ಹಿಂದಿನ ಗುರುವಾರದ್ದು. ಎಣ್ಣೆ ಚುಂಯ್ಯೆನ್ನುವ ಸದ್ದು, ಓಡುವ ಹೆಜ್ಜೆ, ಬಳಿಕ ‘ಅಪಾ, ನಾನು! ನಂಗ್ಯಾಕೆ ತೋರ್ಸಲ್ಲ?’ ಆಮೇಲೆ ಅವಳ ಅಳು, ಪೂರ್ತಿಯಾಗಿ. ಅಂದು ಅಳುವ ಮೊದಲೇ ಫೋನು ಕಪ್ಪಾದದ್ದನ್ನು ಅವಳೇ ಕಂಡಿದ್ದಳು.

ಸೈಕಾಲಳ ಬೆರಳು ಇನ್ನೂ ಗಾಳಿಯಲ್ಲಿದ್ದಾಗಲೇ ಪಟ್ಟಿ ಮರೆಯಾಯಿತು. ಪರದೆಯ ನಡುವೆ ಕೆಂಪು ಚುಕ್ಕಿ ಹೊತ್ತಿಕೊಂಡಿತು.

“ಏನಂತೆ?” ಬೂಬುಶ್ ಸೌಟು ಹಿಡಿದೇ ಕೇಳಿದಳು.

“ಓದು ಅಂತಿದೆ.”

“ಓದ್ ಮತ್ತೆ!” ಮುದುಕಿ ಗದರಿದಳು, ಕಣ್ಣಲ್ಲಿ ನೀರು. “ನಂಗ್ಬೇಡಮ್ಮಾ ಆ ಫೋನು. ಒಂದು ಶಾಲು ಕೊಟ್ಬಿಡಿ ಸಾಕು.”

ಸೈಕಾಲ್ ಬಾಗಿಲ ಬಳಿ, ಯಾವಾಗಲೂ ಕೂರುತ್ತಿದ್ದ ಕಡೆ ಕೂತಳು. ಅಪಾ ಹೋದ ಮೇಲೆ ಬರೆದದ್ದು ಒಂದೇ ಬರಹ, ಅದನ್ನು ಯಾರಿಗೂ ತೋರಿಸಿರಲಿಲ್ಲ. ತನ್ನ ಫೋನು ತೆಗೆದು ಓದತೊಡಗಿದಳು. ‘ಮುಖ ನೋಡಿ ತೆರೆಯುವ ಬೀಗವನ್ನು ನಿಮ್ಮವರ ಫೋನಿಗೆ ಹಾಕಬೇಡಿ…’ ಬಾಣಲೆ ಆರಿತು. ವಾಸನೆ ಇಳಿದು ಕೋಣೆಯಲ್ಲಿ ಬರೀ ಚಳಿ ಉಳಿಯಿತು. ಬರಹ ಮುಗಿಯಿತು.

ಚುಕ್ಕಿ ಆರಲಿಲ್ಲ. ಸೈಕಾಲ್ ಕಾದಳು, ಬೂಬುಶಳ ಮುಖ ನೋಡಿದಳು, ಕಂಬಳಿಯತ್ತ ನೋಡಲು ಧೈರ್ಯ ಸಾಲದೆ ತಲೆ ತಗ್ಗಿಸಿ ಮತ್ತೆ ಮೊದಲಿನಿಂದ ಓದತೊಡಗಿದಳು.