ಇಲ್ಲದ ಬಸಿರಿಗೆ ಕಳ್ಳ ಕುಬಸ

ಹೊಟ್ಟೆಯ ಬಗ್ಗೆ ಬರೆಯಲು ಕೂತಾಗಲೆಲ್ಲ ಮೊದಲು ಸೆರಗು ಸರಿಮಾಡಿಕೊಳ್ಳುತ್ತೇನೆ. ಕೋಣೆಯಲ್ಲಿ ಯಾರೂ ಇರುವುದಿಲ್ಲ. ಈಗಲೂ ಮಾಡಿಕೊಂಡೆ.

ಎರಡು ಹೆರಿಗೆಗಳ ನಂತರ ನನ್ನ ಮೈ ಹೆಚ್ಚುಕಡಿಮೆ ಹಿಂದಿನಂತಾಯಿತು, ಹೊಟ್ಟೆಯೊಂದು ಆಗಲಿಲ್ಲ. ಕೂತರೆ ಮಡಿಕೆಬಿದ್ದು ತೊಡೆಯ ಮೇಲೆ ಬರುತ್ತದೆ, ನಿಂತರೆ ಬಸುರಿಯ ಹೊಟ್ಟೆಯಂತೆ ಮುಂದೆ ಕಾಣುತ್ತದೆ. ಬಸುರಿಯಂತೆ ಎಂಬ ಹೋಲಿಕೆ ನನ್ನದಲ್ಲ. ಬಸ್ಸಿನಲ್ಲಿ ಹೆಂಗಸೊಬ್ಬಳು ಎದ್ದು ನನಗೆ ಸೀಟು ಬಿಟ್ಟುಕೊಟ್ಟ ದಿನ ಅದು ನನಗೆ ಸಿಕ್ಕಿತು. ಬೇಡ ಎನ್ನಲಿಲ್ಲ, ಕೂತೆ. ಮೊದಲ ಕರಡಿನಲ್ಲಿ ಅದು ಸಿಂದಗಿಯ ಬಸ್ಸು ಎಂದು ಬರೆದಿದ್ದೆ. ಈಗ ಅನುಮಾನ ಬರುತ್ತಿದೆ; ತವರಿಗೆ, ಬಸವನ ಬಾಗೇವಾಡಿಗೆ, ಹೋಗುವ ಬಸ್ಸೂ ಇರಬಹುದು. ಸೀಟು ಮಾತ್ರ ಚೆನ್ನಾಗಿ ನೆನಪಿದೆ. ರೆಕ್ಸಿನ್ ಹರಿದು ಒಳಗಿನ ಸ್ಪಂಜು ಕಾಣುತ್ತಿತ್ತು, ನಾನು ದಾರಿಯುದ್ದಕ್ಕೂ ಅದನ್ನು ಬೆರಳಿನಿಂದ ಒಳಗೆ ತುರುಕುತ್ತಿದ್ದೆ.

ನಾನು ಇಂಡಿಯಲ್ಲಿ ಪಿಯು ಕಾಲೇಜಿನ ಉಪನ್ಯಾಸಕಿ. ಹುಡುಗಿಯರಿಗಾಗಿ ನಡೆದ ಒಂದು ಕಾರ್ಯಕ್ರಮದಲ್ಲಿ, ನಿಮ್ಮ ದೇಹದ ಬಗ್ಗೆ ನಾಚಬೇಡಿ, ಅದನ್ನು ಇದ್ದ ಹಾಗೆ ಪ್ರೀತಿಸಿ ಎಂದು ಭಾಷಣ ಮಾಡಿದ್ದೇನೆ. ಮೊಬೈಲಿನಲ್ಲಿ ಅಂಥ ಮಾತುಗಳ ವಿಡಿಯೋಗಳನ್ನು ಬೇಕಾದಷ್ಟು ನೋಡಿದ್ದರಿಂದ ಮಾತಿಗೆ ಕೊರತೆಯಿರಲಿಲ್ಲ. ಇಡೀ ಭಾಷಣವನ್ನು ವ್ಯಾನಿಟಿ ಬ್ಯಾಗನ್ನು ಹೊಟ್ಟೆಗೆ ಅಡ್ಡ ಹಿಡಿದು ಮಾಡಿದೆ. ಕೊನೆಗೆ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಬೇಕಾಗಿತ್ತು. ಮಾಡಲಿಲ್ಲ.

ವ್ಯಾಯಾಮ ಮಾಡಲಿಲ್ಲವೆಂದಲ್ಲ. ನಮ್ಮಲ್ಲಿ ಹೆಂಗಸರಿಗೆಂದೇ ಒಂದು ಜಿಮ್ ಶುರುವಾಯಿತು, ಮದುವೆ ಸಾಮಾನಿನ ಅಂಗಡಿಯ ಮೇಲಿನ ಮಹಡಿಯಲ್ಲಿ. ಬೆಳಿಗ್ಗೆ ಕಾಲೇಜಿಗೆ ಮೊದಲು ಅಲ್ಲಿಗೆ ಹೋಗತೊಡಗಿದೆ. ಕಲಿಸುವ ಹುಡುಗಿ ಬಾಯಿಬಡಕಿ.

"ಮೇಡಂ, ಉಸಿರು ಬಿಡ್ರಿ. ಹೊಟ್ಟಿ ಒಳಗ ಎಳಕೊಂಡು ಯಾಕ ನಿಂತೀರಿ? ನಾ ಏನ ಫೋಟೋ ತಗ್ಯಾಕತ್ತೇನೇನು?"

ಜೋಳದ ರೊಟ್ಟಿ ಕಡಿಮೆ ಮಾಡಿದೆ, ರಾತ್ರಿ ಬಿಟ್ಟೇಬಿಟ್ಟೆ. ತುಂಬಿದ ಗ್ಯಾಸ್ ಸಿಲಿಂಡರನ್ನು ಅಂಗಳದಿಂದ ಅಡುಗೆಮನೆಗೆ ಒಬ್ಬಳೇ ಎತ್ತಿಕೊಂಡು ಹೋಗುವಷ್ಟು ಬಲ ಬಂತು. ಮುಖ ಇಳಿಯಿತು, ತೋಳು ಇಳಿಯಿತು. ಹೊಟ್ಟೆ ಹಾಗೇ ಉಳಿಯಿತು. ಮೈ ತೆಳ್ಳಗಾದಷ್ಟೂ ಅದು ಎದ್ದು ಕಾಣತೊಡಗಿತು. ಮೊದಲು ದಪ್ಪ ಹೆಂಗಸಿನ ಹೊಟ್ಟೆ ಎಂಬ ಮರೆಯಾದರೂ ಇತ್ತು. ಈಗ ಅದೂ ಹೋಯಿತು.

ಆಗ ಸೊಲ್ಲಾಪುರದ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಹೋದೆವು, ನಾನು ಮತ್ತು ನನ್ನ ಗಂಡ. ಚಾದರ ತರಲು ಹೋಗುತ್ತೇವೆ ಎಂದು ಮನೆಯಲ್ಲಿ ಅತ್ತೆಗೆ ಹೇಳಿದೆವು. ಡಾಕ್ಟರು ನೋಡಿ, ಒತ್ತಿ, ಕೆಮ್ಮಲು ಹೇಳಿ, ಕೂತರು.

"ಇದು ತೂಕ ಇಳಿಸೂ ಆಪರೇಶನ್ ಅಲ್ರಿ. ಜೋತುಬಿದ್ದ ಚರ್ಮ ತಗದು, ಅಗಲಾದ ಸ್ನಾಯು ಹತ್ತಿರ ತಂದು ಹೊಲೀತೀವಿ. ವ್ಯಾಯಾಮದಿಂದ ಸ್ನಾಯು ಸ್ವಲ್ಪ ಸುಧಾರಿಸಬಹುದು, ಚರ್ಮ ಸುಧಾರಿಸೂದಿಲ್ಲ. ಈ ಸೊಂಟದಿಂದ ಆ ಸೊಂಟದ ತನಕ ಗೆರಿ ಉಳೀತೈತಿ. ನಿಮಗ ತ್ರಾಸ ಏನೈತಿ? ಬೆನ್ನುನೋವು?"

"ಇಲ್ರಿ."

"ಮತ್ತ?"

ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡೆ. ಕೊನೆಗೆ, "ಕಾಣತೈತ್ರಿ" ಎಂದೆ.

ಡಾಕ್ಟರು ನಗಲಿಲ್ಲ. ಇನ್ನು ಮಕ್ಕಳು ಬೇಡ ಎಂಬುದು ಖಾತ್ರಿಯೇ ಎಂದು ಕೇಳಿದರು. ಹೌದೆಂದೆ. ದಸರಾ ರಜೆಯಲ್ಲಿ ಒಂದು ದಿನ ಇಟ್ಟುಕೊಳ್ಳೋಣ, ಬರುವ ಸೋಮವಾರ ಫೋನ್ ಮಾಡಿ ಪಕ್ಕಾ ಮಾಡಿರಿ ಎಂದರು. ವಾಪಸ್ ಬರುವಾಗ ಗಂಡನನ್ನು ಕೇಳಿದೆ. "ನಿನ್ನ ಮೈ, ನೀ ನೋಡು. ನನ್ನದೇನೂ ಅಡ್ಡಿಯಿಲ್ಲ" ಎಂದರು. ಅಡ್ಡಿಯಿಲ್ಲದ್ದು ಆಪರೇಶನ್ನಿಗೋ ಈ ಹೊಟ್ಟೆಗೋ ಎಂದು ಕೇಳುವ ಧೈರ್ಯ ಬರಲಿಲ್ಲ. ಚಾದರ ಮಾತ್ರ ತಂದೆವು. ಅತ್ತೆ ಅದನ್ನು ಬಿಚ್ಚಿ ನೋಡಿ, ಬಣ್ಣ ಚೊಲೋ ಐತಿ ಎಂದು ಮಡಿಚಿಟ್ಟರು.

ಸೋಮವಾರದ ಹಿಂದಿನ ದಿನ ತಾಂಬಾದಿಂದ ದೊಡ್ಡವ್ವ ಬಂದಳು. ಅತ್ತೆಯ ಅಕ್ಕ. ಹೊಲ, ಎಮ್ಮೆ, ಸೊಸೆಯಂದಿರು ಎಲ್ಲವನ್ನೂ ಒಂದೇ ದನಿಯಲ್ಲಿ ಗದರಿಸಿ ನಡೆಸುವ ಹೆಂಗಸು. ಕರೆದರೂ ಸುಲಭಕ್ಕೆ ಬರುವವಳಲ್ಲ. ಕೈಯಲ್ಲಿ ದೊಡ್ಡ ಚೀಲ. ಚಪ್ಪಲಿ ಬಿಡುವ ಮೊದಲೇ ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು.

"ಬಾಯಿಗೆ ರುಚಿ ಹತ್ತತೈತೇನವಾ?"

"ಆರಾಮ ಅದೀನ್ರಿ ದೊಡ್ಡವ್ವ."

"ಎಲ್ಲಿ ಆರಾಮ? ಮಾರಿ ನೋಡ, ಹೆಂಗ ಇಳದೈತಿ. ಮಾರಿ ಇಳದು ಹೊಟ್ಟಿ ಬಂತಂದ್ರ ಗಂಡೇ."

ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಚೀಲದಿಂದ ಹಸಿರು ಖಣ ಹೊರಬಂದಿತ್ತು, ಹಸಿರು ಬಳೆ, ಕೊಬ್ಬರಿ ಬಟ್ಟಲು, ಉತ್ತತ್ತಿ, ಡಬ್ಬಿಯಲ್ಲಿ ಶೇಂಗಾ ಹೋಳಿಗೆ. ಕಳ್ಳ ಕುಬಸ. ಬಸಿರಿನ ಸುದ್ದಿ ಊರಿಗೆ ಹೇಳುವ ಮೊದಲು ಹತ್ತಿರದ ಹೆಂಗಸರು ಸದ್ದಿಲ್ಲದೆ ಬಂದು, ಕುಬಸಕ್ಕೆ, ಎಂದರೆ ರವಿಕೆಗೆ, ಖಣ ಕೊಟ್ಟು, ಬಳೆ ಇಡಿಸಿ, ಉಡಿ ತುಂಬಿ ಹೋಗುವ ಪದ್ಧತಿ. ಹತ್ತು ಜನರ ಕಣ್ಣು ಬೀಳಬಾರದೆಂದು ಅದು ಕಳ್ಳತನದಲ್ಲಿ ನಡೆಯುತ್ತದೆ. ಅದೇ ಕಾರಣಕ್ಕೆ ಬಸುರಿಯೂ ಆ ದಿನಗಳಲ್ಲಿ ಯಾರು ಕೇಳಿದರೂ ಇಲ್ಲ ಎನ್ನಬೇಕು. ನನ್ನ ಮೊದಲ ಎರಡು ಬಸಿರುಗಳಲ್ಲೂ ಹಾಗೇ ಅಂದಿದ್ದೆ.

"ದೊಡ್ಡವ್ವ, ಅಂಥಾದ್ದೇನೂ ಇಲ್ರಿ" ಎಂದೆ.

ಅವಳು ಅತ್ತೆಯ ಕಡೆ ತಿರುಗಿ ಕಣ್ಣು ಮಿಟುಕಿಸಿದಳು. "ಕೇಳಿದೇನ? ಇಲ್ಲ ಅಂತಾಳ. ಇಲ್ಲ ಅಂದ್ರ ಐತಿ."

"ಖರೇನ ಇಲ್ರಿ."

"ಇರಲೇಳು, ಇಲ್ಲ ಅಂತನ ಅನ್ನು. ಯಾರ ಕೇಳ್ಯಾರ ನಿನ್ನ? ಮೊದಲಿನ ಎರಡಕ್ಕೂ ಎಮ್ಮಿ ಈದಾವು, ರಾಶಿ ಐತಿ ಅಂತ ನಾ ಬರಾಕಾಗಲಿಲ್ಲ. ಈ ಸರತಿ ಎಮ್ಮಿ ಸತ್ರೂ ಬರಾಕಿ ಅಂದೆ."

ಅತ್ತೆ ಮಣೆ ತಂದು ಹಾಕಿದರು. ಅವರ ಮುಖದಲ್ಲಿ ನಾನು ಬಹಳ ದಿನದಿಂದ ನೋಡದ ಒಂದು ಸಂತೋಷವಿತ್ತು. "ಎಷ್ಟು ದಿನ ಮುಚ್ಚಿಡ್ತಿ? ದವಾಖಾನಿಗೆ ಹೋಗಿದ್ದು ನನಗ ಗೊತ್ತೈತಿ, ನೀವಿಬ್ಬರೂ ಮಾತಾಡೂದು ಕೇಳಿ ನಿನ್ನ ಮಗಳು ಹೇಳ್ಯಾಳ. ಚಾದರ ತರಾಕ ಯಾರರ ದವಾಖಾನಿಗೆ ಹೋಗ್ತಾರೇನು? ರೊಟ್ಟಿ ಬಿಟ್ಟಿ, ಮುಂಜಾನೆದ್ದು ತಿರಗ್ಯಾಡಾಕ ಹೋಗ್ತಿ. ನಾನೂ ಹಡದಾಕಿ, ನನಗೇನ ತಿಳಿಯೂದಿಲ್ಲೇನು?"

ಬಸಿರಿಲ್ಲ ಎಂದು ನಂಬಿಸಬೇಕಾದರೆ ದವಾಖಾನೆಗೆ ಯಾಕೆ ಹೋಗಿದ್ದೆ ಎಂದು ಹೇಳಬೇಕು. ಚಂದ ಕಾಣಲು ಹೊಟ್ಟೆ ಕೊಯ್ಯಿಸಿಕೊಳ್ಳಲು ಎಂದು ಹೇಳಬೇಕು. ನೆನಪು ಇಲ್ಲಿ ನನಗೊಂದು ಒಳ್ಳೆಯ ಮಾತು ಕೊಡುತ್ತದೆ: ನಾನು ತಲೆಯೆತ್ತಿ, ಇದು ನನ್ನ ಮೈ, ನನ್ನ ವಿಚಾರ ಎಂದಂತೆ. ಆ ಮಾತನ್ನು ನಾನು ನಂಬುವುದಿಲ್ಲ. ಅದು ಆಮೇಲೆ, ಬಚ್ಚಲಲ್ಲಿ ನಿಂತು ತಯಾರಿಸಿದ್ದು. ಆಗ ನಾನು ಮಾಡಿದ್ದು ಇಷ್ಟೆ: ಮಣೆಯ ಮೇಲೆ ಕೂತೆ.

ಬಳೆ ಇಡಿಸಿದರು. ಹಣೆಗೆ ಕುಂಕುಮ, ಕೆನ್ನೆಗೆ ಅರಿಶಿಣ. ನನ್ನ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ ಬಿದ್ದವು. ಆ ಭಾರವೆಲ್ಲ ಹೊಟ್ಟೆಯ ಮಡಿಕೆಯ ಮೇಲೆ ಕೂತಿತು. ಆಮೇಲೆ ದೊಡ್ಡವ್ವ ಅಂಗೈಯನ್ನು ಹೊಟ್ಟೆಯ ಕೆಳಗೆ ಕೊಟ್ಟು, ಹಸುಗೂಸಿನ ತಲೆ ಹಿಡಿಯುವ ಹಾಗೆ, ಸ್ವಲ್ಪ ಮೇಲೆತ್ತಿದಳು. ಎಷ್ಟೋ ವರ್ಷಗಳಿಂದ ಅಲ್ಲಿ ಯಾರ ಕೈಯೂ ಬಿದ್ದಿರಲಿಲ್ಲ. ಗಂಡನ ಕೈ ನಿದ್ದೆಯಲ್ಲಿ ಬಂದರೂ ಸರಿಸಿಬಿಡುತ್ತಿದ್ದೆ. ಡಾಕ್ಟರರ ಕೈ ಇತ್ತು, ಅದಕ್ಕೆ ಕೈಗವಸಿತ್ತು. ಈ ಕೈ ಒರಟಾಗಿತ್ತು, ಬೆಚ್ಚಗಿತ್ತು, ನನ್ನ ಹೊಟ್ಟೆಯನ್ನು ಒಳ್ಳೆಯ ವಸ್ತು ಎಂದು ನಂಬಿತ್ತು. ನನಗೆ ಹಿತವಾಯಿತು. ಇಲ್ಲದ ಕೂಸಿನ ಹೆಸರಿನಲ್ಲಿ ಆ ಹಿತವನ್ನು ತೆಗೆದುಕೊಳ್ಳುತ್ತ ಕೂತಿದ್ದೇನಲ್ಲ ಎಂದು ಮುಖ ಕಿವಿಯವರೆಗೂ ಬಿಸಿಯಾಯಿತು.

ಬಾಗಿಲಲ್ಲಿ ಮಗಳು ನಿಂತಿದ್ದಳು. "ಅವ್ವಾ, ಕೂಸು ಯಾವಾಗ ಬರ್ತೈತಿ?"

ಅವಳ ಮುಖ ನೋಡಿ ಸುಳ್ಳು ಮುಂದುವರಿಸಲಾಗಲಿಲ್ಲ.

"ಕೂಸಿಲ್ಲ. ಇದು ಬರೇ ಹೊಟ್ಟಿ" ಎಂದೆ. ಮತ್ತೆ ಯಾರಾದರೂ ನಗುವ ಮೊದಲೇ ಉಳಿದದ್ದನ್ನೂ ಹೇಳಿಬಿಟ್ಟೆ. ಸೊಲ್ಲಾಪುರ, ಚರ್ಮ, ಹೊಲಿಗೆ, ದಸರಾ ರಜೆ. ಪಾಠ ಮಾಡುವ ದನಿಯಲ್ಲಿ ಹೇಳಿದೆನೆಂದು ಕಾಣುತ್ತದೆ, ಯಾಕೆಂದರೆ ಮಗಳು ಕೈಕಟ್ಟಿ ನಿಂತು ಕೇಳುತ್ತಿದ್ದಳು.

ದೊಡ್ಡವ್ವ ಕೈ ತೆಗೆದಳು. ತನ್ನ ಅಂಗೈ ನೋಡಿಕೊಂಡು ಕೇಳಿದಳು: "ಕೊಯ್ದದ್ದನ್ನ ಏನ ಮಾಡ್ತಾರ?"

"ಗೊತ್ತಿಲ್ರಿ."

"ಕೇಳಬೇಕಿತ್ತಲ್ಲ. ಇಷ್ಟು ಕಲತಾಕಿ."

ನಾನು ಸೆರಗಿನ ಕೊಬ್ಬರಿ ಬಟ್ಟಲು ಎತ್ತಿ ಅವಳಿಗೆ ವಾಪಸ್ ಕೊಡಲು ಹೋದೆ. ಅವಳು ನನ್ನ ಕೈಯನ್ನು ಕೆಳಗೆ ಒತ್ತಿದಳು. "ತುಂಬಿದ ಉಡಿ ತಿರುಗಿ ತಗೊಂತಾರೇನ, ಹುಚ್ಚಿ. ಚಟ್ನಿ ಮಾಡಕೊಂಡು ತಿನ್ನು." ಆಗ ಅವಳು ನಕ್ಕಳು. ನಾನೂ ನಕ್ಕೆನೆಂದು ನನ್ನ ಗಂಡನಿಗೆ ಆಮೇಲೆ ಹೇಳಿದೆ. ಖಾತ್ರಿಯಿಲ್ಲ.

ಅತ್ತೆ ನಗಲಿಲ್ಲ. ಮಣೆ ಎತ್ತಿ ಗೋಡೆಗೆ ನಿಲ್ಲಿಸಿ ಅಡುಗೆಮನೆಗೆ ಹೋದರು. ದೊಡ್ಡವ್ವನನ್ನು ಬಸ್ಸಿಗೆ ಹತ್ತಿಸಿ ಬಂದಾಗ ಅಲ್ಲೇ ಕೂತಿದ್ದರು. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು.

"ಮುದ್ದೇಬಿಹಾಳಕ್ಕ ಫೋನ್ ಮಾಡಿ ಹೇಳಿಬಿಟ್ಟೇನಿ" ಎಂದರು. ಮುದ್ದೇಬಿಹಾಳದಲ್ಲಿರುವುದು ನನ್ನ ನಾದಿನಿ, ಅವರ ಮಗಳು. "ಆಕಿ ಆಕೀ ಅತ್ತೀಗೆ ಹೇಳಿರತಾಳ."

"ತಪ್ಪು ತಿಳಕೊಂಡಿದ್ವಿ ಅಂತ ಹೇಳೂಣ್ರಿ."

"ಹೇಳು. ಇಲ್ಲ ಅಂದ್ರ ಯಾರ ನಂಬತಾರ? ಮ್ಯಾಲ ನೀ ದಸರಾಕ್ಕ ಹೊಟ್ಟಿ ಇಳಿಸಿಕೊಂಡು ಬಾ. ಕುಬಸ ಮಾಡಿದ ಹೊಟ್ಟಿ ಎಲ್ಲಿ ಹೋತು ಅಂತಾರ. ತಗಿಸ್ಯಾಳ ಅಂತಾರ."

ತೆಗೆಸುವುದು ಎಂದರೆ ನಮ್ಮಲ್ಲಿ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ನನ್ನ ಕೈಯಲ್ಲಿ ಹಸಿರು ಬಳೆ ಸದ್ದು ಮಾಡಿದವು. ಅತ್ತೆ ಅತ್ತ ನೋಡಲಿಲ್ಲ.

ಸೋಮವಾರ ಮಧ್ಯಾಹ್ನ ಕಾಲೇಜಿನ ಹಿಂದೆ, ಬೇವಿನ ಗಿಡದ ಕೆಳಗೆ ನಿಂತು ಸೊಲ್ಲಾಪುರಕ್ಕೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ಮರಾಠಿಯಲ್ಲಿ, "ಮಗ ಪಕ್ಕಾ ಕರೂ ಕಾ, ಮೇಡಂ?" ಎಂದಳು, ಹಾಗಾದರೆ ಪಕ್ಕಾ ಮಾಡಲೇ ಎಂದು. ಬೇಡ ಎಂದೆ. ಬೇರೆ ದಿನ ಬೇಕೇ ಎಂದಳು. ಅದೂ ಬೇಡ ಎಂದೆ.

ಇದನ್ನು ದೇಹವನ್ನು ಒಪ್ಪಿಕೊಂಡ ಕತೆಯೆಂದು ಓದಿದರೆ ನನಗೆ ಅನುಕೂಲ. ಭಾಷಣಕ್ಕೂ ಒದಗುತ್ತದೆ. ಆದರೆ ನಾನು ಒಪ್ಪಿಕೊಳ್ಳಲಿಲ್ಲ, ಮಂದಿಗೆ ಹೆದರಿದೆ. ಕಾಣುತ್ತದೆ ಎಂಬ ನಾಚಿಕೆಯಿಂದ ಕೊಯ್ಯಿಸಲು ಹೊರಟವಳು, ಕಾಣದಾದರೆ ಏನಂದಾರು ಎಂಬ ಇನ್ನೊಂದು ನಾಚಿಕೆಯಿಂದ ನಿಂತೆ. ದೊಡ್ಡವ್ವನ ಅಂಗೈಯೂ ಕಾರಣವಿರಬಹುದೆ ಎಂದು ಕೆಲವು ಸಲ ಅನ್ನಿಸುತ್ತದೆ. ಹಾಗೆಂದು ಬರೆದರೆ ಚೆನ್ನಾಗಿ ಕಾಣುತ್ತದೆ, ಅದಕ್ಕೇ ಅನುಮಾನ. ಜಿಮ್ಮಿಗೆ ಈಗಲೂ ಹೋಗುತ್ತೇನೆ. ಹುಡುಗಿ ಈಗಲೂ ಉಸಿರು ಬಿಡ್ರಿ ಎನ್ನುತ್ತಾಳೆ. ಹಸಿರು ಖಣ ಕಪಾಟಿನಲ್ಲಿದೆ. ಹೊಲಿಸಿಲ್ಲ, ಯಾರಿಗೂ ಕೊಟ್ಟಿಲ್ಲ. ಅತ್ತೆ ನನ್ನ ತಟ್ಟೆಗೆ ಮತ್ತೆ ರೊಟ್ಟಿ ಬಡಿಸುತ್ತಾರೆ, ಅರ್ಧ ಮುರಿದು.

ದಸರಾ ಮುಗಿದ ಮೇಲೆ ಒಂದು ದಿನ ತಾಂಬಾದಿಂದ ಫೋನ್ ಬಂತು. ಹಿಂದೆ ಎಮ್ಮೆ ಒದರುತ್ತಿತ್ತು.

"ಆತೇನವಾ ನಿನ್ನ ಆಪರೇಶನ್?"

"ಇಲ್ರಿ ದೊಡ್ಡವ್ವ. ಮಾಡಿಸಲಿಲ್ಲ."

"ಮತ್ತ ಹೊಟ್ಟಿ?"

"ಐತ್ರಿ."

"ಹಂಗೇ ಐತಿ?"

"ಹಂಗೇ ಐತ್ರಿ" ಎಂದೆ. ಅಂದ ಮೇಲೆ ಗೊತ್ತಾಯಿತು, ಮಾತಾಡುವಷ್ಟು ಹೊತ್ತೂ ನಾನು ಉಸಿರು ಹಿಡಿದು ಅದನ್ನು ಒಳಗೆಳೆದುಕೊಂಡೇ ನಿಂತಿದ್ದೆ.